ಬೆಳಗಾವಿಯಲ್ಲಿ ಆಲದ ಕಡ್ಡಿಯಿಂದ ಬೋನ್ಸಾಯ್

ಬೋನ್ಸಾಯ್ ಅಂದರೆ ಕುಂಡದಲ್ಲಿ ಗಿಡ್ಡವಾಗಿ ಬೆಳೆಸಿದ ಮರ. ಜಪಾನೀಸ್ ಮೇಪಲ್ ಬೋನ್ಸಾಯ್ ಚಂದವೇ. ಆದರೆ ಎಲೆ ಉದುರಿಸಿ ಮಲಗಲು ಅದಕ್ಕೆ ಗಟ್ಟಿ ಚಳಿಗಾಲ ಬೇಕು, ಬೆಳಗಾವಿಯ ಚಳಿ ಸಾಲುವುದಿಲ್ಲ. ನಮ್ಮ ಆಲವನ್ನೇ ಹಚ್ಚಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶುರು ಮಾಡಿ. ಪೆನ್ಸಿಲ್‌ಗಿಂತ ದಪ್ಪ, ಗೇಣುದ್ದದ ಬಲಿತ ಕಡ್ಡಿ ಇರಲಿ. ತೀರಾ ಎಳೆಯದು ಕೊಳೆಯುತ್ತದೆ. ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದ ಕೂಡಲೇ ಬಿಳಿ ಹಾಲು ಸುರಿಯುತ್ತದೆ ಅಲ್ವಾ, ಅದನ್ನು ನೀರಲ್ಲಿ ತೊಳೆದು, ಹಾಲು ನಿಂತು ಕತ್ತರಿಸಿದ ತುದಿ ಒಣಗುವವರೆಗೆ ನೆರಳಲ್ಲಿಡಿ. ಇದನ್ನು ಮಾತ್ರ ಬಿಡಬೇಡಿ. ಮೇಲೆ ಎರಡು ಎಲೆ ಸಾಕು, ಅವನ್ನೂ ಅರ್ಧಕ್ಕೆ ಕತ್ತರಿಸಿ, ಇಲ್ಲದಿದ್ದರೆ ಬೇರಿಲ್ಲದ ಕಡ್ಡಿಯ ನೀರೆಲ್ಲ ಎಲೆಯಿಂದಲೇ ಆರಿಹೋಗುತ್ತದೆ.

ಬರೀ ಎರೆ ಮಣ್ಣು ಬೇಡವೇ ಬೇಡ, ನೀರು ನಿಂತು ಕಡ್ಡಿಯ ಬುಡ ಕಪ್ಪಾಗುತ್ತದೆ. ಕುಂಡಕ್ಕೆ ದಪ್ಪ ಮರಳು, ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಸಮಸಮ ಹಾಕಿ ಕಡ್ಡಿ ನೆಡಿ. ಸುಮ್ನೆ ಜಗ್ಗಿ ನೋಡಬೇಡಿ, ಹೊಸ ಬೇರು ಮುರಿಯುತ್ತದೆ. ಚಿಗುರು ಬಂದ ಮಾತ್ರಕ್ಕೆ ಬೇರು ಬಿಟ್ಟಿದೆ ಅಂತಲ್ಲ. ಕುಂಡದ ತೂತಲ್ಲಿ ಬೇರು ಕಂಡರೆ ನಂಬಿ.

ಚಪ್ಪಟೆ ಬೋನ್ಸಾಯ್ ಕುಂಡಕ್ಕೆ ಅವಸರ ಮಾಡಬೇಡಿ. ಎರಡು-ಮೂರು ವರ್ಷ ದೊಡ್ಡ ಕುಂಡದಲ್ಲೇ ಬಿಟ್ಟರೆ ಕಾಂಡ ದಪ್ಪಗಾಗುತ್ತದೆ. ಆಕಾರ ಕೊಡಲು ಕೊಂಬೆಗೆ ತಂತಿ ಸುತ್ತಿದ್ದರೆ ಆಗಾಗ ನೋಡುತ್ತಿರಿ, ಮಳೆಗಾಲದಲ್ಲಿ ಆಲ ಬೇಗ ದಪ್ಪವಾಗುವುದರಿಂದ ತಂತಿ ತೊಗಟೆಯೊಳಗೆ ಕೂತುಬಿಡುತ್ತದೆ, ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ.