ರ‍್ಯಾಮ್ ಯಾವಾಗ ಕೊಳ್ಳಬೇಕು? ದೀಪಾವಳಿ ಸೇಲ್‌ಗೆ ಕಾಯಬೇಡಿ

2025ರ ಆಗಸ್ಟ್‌ನಲ್ಲಿ ನನ್ನ ಅಕ್ಕನ ಮಗ ಕಂಪ್ಯೂಟರ್ ಅಸೆಂಬಲ್ ಮಾಡಲು ಹೊರಟ. ಪ್ರೊಸೆಸರ್, ಬೋರ್ಡ್ (ಮದರ್‌ಬೋರ್ಡ್), ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬ), ಕ್ಯಾಬಿನೆಟ್ ಎಲ್ಲ ತಂದಿಟ್ಟ. ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ) ಮಾತ್ರ ತರಲಿಲ್ಲ. “ದೀಪಾವಳಿ ಸೇಲ್‌ನಲ್ಲಿ ತಗೋತೀನಿ ಮಾವ, ಸಾವಿರ ರೂಪಾಯಿ ಉಳಿಯುತ್ತೆ” ಅಂದ. ಡಿಸೆಂಬರ್‌ನಲ್ಲಿ ಇಬ್ಬರೂ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಅದೇ ರ‍್ಯಾಮ್ ಕಿಟ್ಟಿನ (ಜೊತೆಗೇ ಮಾರುವ ಎರಡು ಸ್ಟಿಕ್) ರೇಟು ಎರಡು ಪಟ್ಟು ದಾಟಿತ್ತು. ಇಂಥ ಹುಡುಗರನ್ನು ಒಬ್ಬಿಬ್ಬರಲ್ಲ, ಐದಾರು ಜನರನ್ನು ನೋಡಿದ್ದೇನೆ.

ಹಂತ 1: ಯಾವ ರ‍್ಯಾಮ್? ಇದನ್ನು ನೀವಲ್ಲ, ನಿಮ್ಮ ಬೋರ್ಡ್ ಹೇಳುತ್ತದೆ. ಡಿಡಿಆರ್4 ಹಳೆಯ ಬಗೆ, ಡಿಡಿಆರ್5 ಹೊಸದು. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5 ಬೋರ್ಡಿಗೆ ಡಿಡಿಆರ್5. ಇಂಟೆಲ್‌ನ 12, 13, 14ನೇ ಜನರೇಷನ್‌ನಲ್ಲಿ ಎರಡೂ ಬಗೆಯ ಬೋರ್ಡ್ ಸಿಗುತ್ತವೆ, ಡಬ್ಬದ ಮೇಲೆ ಓದಿ ನೋಡಿ. ಎರಡೂ ರ‍್ಯಾಮ್‌ಗೆ 288 ಪಿನ್ನೇ, ಆದರೆ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋಗಬೇಡಿ.

ಹಂತ 2: ಎಷ್ಟು? 16 ಜಿಬಿ, ಎರಡು 8ರ ಕಿಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಆದರೆ ಎರಡು ಸ್ಟಿಕ್ ಇರಲೇಬೇಕು, ಯಾಕೆಂದರೆ ಗೇಮ್‌ಗೆ ಬೇಕಾದ ಗ್ರಾಫಿಕ್ಸ್ ಕೆಲಸವೂ ಇದೇ ರ‍್ಯಾಮ್ ಮೇಲೆ ಬೀಳುತ್ತದೆ, ಎರಡು ಸ್ಟಿಕ್ ಒಟ್ಟಿಗೆ ಓಡಿದರೆ ಅದು ಬೇಗ ಆಗುತ್ತದೆ.

ಹಂತ 3: ಯಾವಾಗ? ಜನ ಎಡವುವುದು ಇಲ್ಲೇ.

ಟೊಮೆಟೊ ವ್ಯಾಪಾರ ನೆನಪಿಸಿಕೊಳ್ಳಿ. ಕೋಲಾರದ ಮಂಡಿಯಲ್ಲಿ ಇವತ್ತು ಕ್ರೇಟಿನ ರೇಟು ಏರಿದರೆ ನಾಳೆ ನಾಡಿದ್ದರಲ್ಲಿ ನಿಮ್ಮ ಬೀದಿಯ ತಳ್ಳುಗಾಡಿಯಲ್ಲೂ ಏರುತ್ತದೆ. ರ‍್ಯಾಮ್‌ಗೂ ಒಂದು ಮಂಡಿ ಇದೆ. ಅಲ್ಲಿನ ದಿನದ ರೇಟಿಗೆ ಸ್ಪಾಟ್ ದರ ಅನ್ನುತ್ತಾರೆ. ಟ್ರೆಂಡ್‌ಫೋರ್ಸ್ ಅನ್ನುವ ಸಂಸ್ಥೆ ಅದನ್ನು ಪ್ರಕಟಿಸುತ್ತದೆ. ಅಲ್ಲಿ ಏರಿದ್ದು ಅಂಗಡಿಗೆ ಬರಲು ಕೆಲವು ವಾರ ಹಿಡಿಯುತ್ತದೆ. ಆ ಕೆಲವು ವಾರವೇ ನಿಮಗೆ ಸಿಗುವ ಅವಕಾಶ.

ಆದರೆ ಟೊಮೆಟೊ ಮೂರು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಮೆಮೊರಿ ಚಿಪ್‌ನ ಹೊಸ ಕಾರ್ಖಾನೆ ಏಳಲು ಎರಡು ಮೂರು ವರ್ಷ ಬೇಕು. ಜಗತ್ತಿನ ಬಹುಪಾಲು ಚಿಪ್ ಮಾಡುವವರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. 2013ರಲ್ಲಿ ಚೀನಾದ ವೂಶಿಯಲ್ಲಿರುವ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿತ್ತು, ಎಲ್ಲ ಕಡೆ ರೇಟು ಏರಿತು. 2025ರಲ್ಲಿ ಶುರುವಾದ ಏರಿಕೆಗೆ ಎಐ ಡೇಟಾ ಸೆಂಟರ್‌ಗಳು ಕಾರಣ. ಅವಕ್ಕೆ ಬೇಕಾದ ಎಚ್‌ಬಿಎಂ ಮೆಮೊರಿ ಒಂದು ಜಿಬಿ ಮಾಡಲು ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆ ಖರ್ಚಾಗುತ್ತದೆ. ಲಾಭವೂ ಅಲ್ಲೇ ಜಾಸ್ತಿ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರಾಂಡಿನ ರ‍್ಯಾಮನ್ನು ನಮ್ಮಂಥವರಿಗೆ ಮಾರುವುದನ್ನೇ ಬಿಡುತ್ತೇನೆ ಅಂದುಬಿಟ್ಟಿತು. ಇಂಥ ಏರಿಕೆ ಒಂದು ಹಬ್ಬದ ಆಫರ್‌ಗೆ ಬಗ್ಗುತ್ತದಾ?

ಕಾದವರು ಗೆದ್ದದ್ದೂ ಉಂಟು. 2019ರಲ್ಲಿ ಇಳಿಯಿತು, 2022-23ರಲ್ಲಿ ಇನ್ನೂ ಚೆನ್ನಾಗಿ ಇಳಿಯಿತು. ಅದು ಫೋನು, ಕಂಪ್ಯೂಟರ್ ಕೊಳ್ಳುವವರು ಕಡಿಮೆಯಾಗಿ ಗೋದಾಮಿನಲ್ಲಿ ಚಿಪ್ ಉಳಿದಿದ್ದಕ್ಕೆ. ಹಬ್ಬಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಕೆಲಸಕ್ಕೆ ಬನ್ನಿ. ಕಂಪ್ಯೂಟರ್ ಯಾವ ತಾರೀಕಿಗೆ ಬೇಕೇ ಬೇಕು ಅಂತ ಬರೆದಿಡಿ. ಒಂದೇ ಕಿಟ್ ಆರಿಸಿ, ಎರಡು ವಾರ ದಿನಾ ಅದರ ರೇಟು ಬರೆಯಿರಿ. ಮೂರು ಕಿಟ್ ನೋಡಿದರೆ ತಲೆ ಕೆಡುತ್ತದೆ ಅಷ್ಟೇ. ಅಮೆಜಾನ್‌ನಲ್ಲಿರುವ ಕಿಟ್ ಆದರೆ ಕೀಪಾ ಅನ್ನುವ ವೆಬ್‌ಸೈಟಿನಲ್ಲಿ ಹಳೆಯ ರೇಟಿನ ಗೆರೆಯೂ ಕಾಣುತ್ತದೆ. ಸೇಲ್‌ಗೆ ಮುಂಚೆ ಏರಿಸಿ ಆಮೇಲೆ ‘ಇಳಿಸಿದ್ದು’ ಅಲ್ಲಿ ಬಯಲಾಗುತ್ತದೆ.

ಗೆರೆ ಏರುತ್ತಿದ್ದರೆ ಪಟ್ಟಿಯಲ್ಲಿ ಮೊದಲು ರ‍್ಯಾಮ್ ಕೊಳ್ಳಿ. ಇಳಿಯುತ್ತಿದ್ದರೆ ಕೊನೆಗೆ, ಜೋಡಿಸುವ ವಾರದಲ್ಲಿ. ಸಮವಾಗಿದ್ದರೆ ಯೋಚನೆ ಬಿಟ್ಟು ಎಲ್ಲದರ ಜೊತೆ ಕೊಳ್ಳಿ. ಸುಮ್ನೆ ಇನ್ನೂರು ರೂಪಾಯಿಗೆ ತಿಂಗಳು ಕಾಯಬೇಡಿ.

ಮೊದಲೇ ಕೊಳ್ಳುವವರಿಗೆ ಒಂದು ಹಳ್ಳವಿದೆ. ಬೋರ್ಡ್ ಬರುವ ಹೊತ್ತಿಗೆ ರ‍್ಯಾಮ್ ಬದಲಿಸಿಕೊಳ್ಳುವ ಅವಧಿ ಮುಗಿದಿರುತ್ತದೆ. ನಾನೇ ಒಮ್ಮೆ ಹೀಗೆ ಸತ್ತ ಸ್ಟಿಕ್ ಹಿಡಿದುಕೊಂಡು ಸರ್ವಿಸ್ ಸೆಂಟರ್‌ಗೆ ಮೂರು ಸಲ ಅಲೆದೆ. ಅದಕ್ಕೇ ರ‍್ಯಾಮ್ ಬಂದ ದಿನವೇ ಗೆಳೆಯರ ಕಂಪ್ಯೂಟರ್‌ಗೆ ಹಾಕಿ, ಮೆಮ್‌ಟೆಸ್ಟ್86 ಅನ್ನುವ ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಒಂದು ರಾತ್ರಿ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ವಾಪಸ್.

ಅಡ್ಡದಾರಿ ಕೇಳುತ್ತೀರಾ? ಎಎಂ4 ಬೋರ್ಡ್ ಇರುವವರು ಸೆಕೆಂಡ್ ಹ್ಯಾಂಡ್ ಡಿಡಿಆರ್4 ಧೈರ್ಯವಾಗಿ ಕೊಳ್ಳಬಹುದು. ರ‍್ಯಾಮ್ ಸವೆಯುವ ಮಾಲಲ್ಲ. ಓಡುತ್ತಿರುವುದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ಹೊಸ ಡಿಡಿಆರ್4 ‘ಹಳೆಯದಲ್ವಾ, ಅಗ್ಗ ಇರುತ್ತೆ’ ಅಂದುಕೊಳ್ಳಬೇಡಿ. ತಯಾರಿಕೆ ಕಡಿಮೆಯಾಗಿ 2025ರ ಮಧ್ಯದಲ್ಲಿ ಅದರ ಚಿಪ್ ಸ್ಪಾಟ್ ದರದಲ್ಲಿ ಡಿಡಿಆರ್5 ಅನ್ನೇ ಮೀರಿಸಿತ್ತು.

ಹಂತ 4: ಅಂಗಡಿಯಲ್ಲಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಹೊರಗೆ ಬರಬೇಡಿ. ‘ಬಿಲ್ ಇಲ್ಲದೆ ಕಡಿಮೆ ಮಾಡ್ತೀನಿ’ ಅಂದರೆ ನಾಳೆ ವಾರಂಟಿಯೂ ಇಲ್ಲ ಅಂತ ಅರ್ಥ. ತೀರಾ ಅಗ್ಗಕ್ಕೆ ಸಿಗುವ ‘ಸರ್ವರ್ ರ‍್ಯಾಮ್’ ಮುಟ್ಟಬೇಡಿ. ಸರ್ವರ್‌ಗೆಂದೇ ಮಾಡಿದ ರಿಜಿಸ್ಟರ್ಡ್ ಇಸಿಸಿ ಸ್ಟಿಕ್ ಮನೆಯ ಬೋರ್ಡಿನಲ್ಲಿ ಏಳುವುದೇ ಇಲ್ಲ. ಬಣ್ಣದ ಲೈಟ್ ಇರುವ ಸ್ಟಿಕ್‌ಗೆ ಕೊಡುವ ಹೆಚ್ಚಿನ ದುಡ್ಡಲ್ಲಿ ಒಳ್ಳೆಯ ಎಸ್‌ಎಂಪಿಎಸ್ ತನ್ನಿ.

ಹಂತ 5: ಕೂರಿಸುವುದು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಹೋಗಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ 6000 ವೇಗ ಅಂತ ದುಡ್ಡು ಕೊಟ್ಟ ಡಿಡಿಆರ್5 ಕಿಟ್ 4800ರಲ್ಲೇ ತೆವಳುತ್ತಿರುತ್ತದೆ. ವೇಗ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ 3000 ಅಂತ ಕಂಡರೆ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ, ಅದು ಅರ್ಧ ಮಾತ್ರ ತೋರಿಸುತ್ತದೆ.