ರೇಸ್ ಗೇಮ್ ಕಲಿಯುವುದಾದರೆ ಬ್ರೇಕಿನಿಂದ ಶುರು ಮಾಡಿ

ನಾನು ಪಿಕಪ್ ಓಡಿಸುವವನು. ಪೆರ್ಲದ ಸುತ್ತಮುತ್ತಲಿನ ತೋಟಗಳಿಂದ ಅಡಿಕೆ ಗೋಣಿ ತುಂಬಿಸಿಕೊಂಡು ಬದಿಯಡ್ಕಕ್ಕೆ ಹೋಗುತ್ತೇನೆ. ಕೆಲವು ದಿನ ಅಡ್ಯನಡ್ಕ, ವಿಟ್ಲ ದಾಟಿ ಪುತ್ತೂರಿಗೆ. ಹದಿನಾರು ವರ್ಷದಿಂದ ಇದೇ ಕೆಲಸ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಪ್ಲೇಸ್ಟೇಷನ್ ಮುಂದೆ ಕೂತು ಗ್ರ್ಯಾನ್ ಟುರಿಸ್ಮೊ 7 ಅನ್ನುವ ಕಾರ್ ರೇಸ್ ಗೇಮ್ ಆಡುತ್ತೇನೆ.

ಬೇಸಿಗೆ ರಜೆಗೆ ತಂಗಿಯ ಮಗ ಬಂದಿದ್ದ. ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಗೇಮಿನ ಮೆನು ಪೂರಾ ಇಂಗ್ಲಿಷಿನಲ್ಲಿ. ಅವನಿಗೆ ತಿಳಿಯಲಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಆ ಪುಸ್ತಕ ಈಗ ಅವನ ಹತ್ತಿರವೇ ಇದೆ. ಅದರಲ್ಲಿದ್ದದ್ದನ್ನು ನೆನಪು ಮಾಡಿಕೊಂಡು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಓದಿ ಕಲಿಯಬೇಕು ಅನ್ನುವ ಮಕ್ಕಳು ಬೇರೆ ಮನೆಗಳಲ್ಲೂ ಇರುತ್ತಾರೆ ಅಲ್ವಾ.

ಈ ಗೇಮ್ ಬಂದದ್ದು 2022ರ ಮಾರ್ಚ್‌ನಲ್ಲಿ. ಪ್ಲೇಸ್ಟೇಷನ್ 4 ಅಂದರೆ ಪಿಎಸ್4ರಲ್ಲೂ ಆಡಬಹುದು, ಪಿಎಸ್5ರಲ್ಲೂ ಆಡಬಹುದು. ಇದರ ಮೊದಲ ಗೇಮ್ 1997ರಲ್ಲಿ ಜಪಾನಿನಲ್ಲಿ ಬಂದಿತ್ತು. ಮಾಡಿದವರು ಕಝುನೋರಿ ಯಮೌಚಿ ಮತ್ತು ಅವರ ತಂಡ. ಕಾರಿನ ತೂಕ, ಟಯರಿನ ಹಿಡಿತ, ರಸ್ತೆಯ ಏರಿಳಿತ ಎಲ್ಲವನ್ನೂ ಇದರಲ್ಲಿ ಲೆಕ್ಕ ಹಾಕಿಯೇ ಕಾರು ಓಡಿಸುತ್ತಾರೆ. ಹಾಗಾಗಿ ಸುಮ್ನೆ ಆಕ್ಸಿಲರೇಟರ್ ಒತ್ತಿ ಹಿಡಿದರೆ ಆಗುವುದಿಲ್ಲ. ಎಕ್ಸ್‌ಬಾಕ್ಸ್ ಇರುವವರು ಫೋರ್ಝಾ ಮೋಟಾರ್‌ಸ್ಪೋರ್ಟ್ ಆಡುತ್ತಾರೆ. ಅಲ್ಲಿ ಬಟನ್ನಿನ ಹೆಸರು ಬೇರೆ, ಬ್ರೇಕಿನ ವಿಷಯ ಇದೇ.

ಆಟಕ್ಕೆ ಮೊದಲು ಟಿವಿ ನೋಡಿ. ಟಿವಿಯ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಅಂತ ಇರುತ್ತದೆ. ಅದನ್ನು ಆನ್ ಮಾಡಲೇಬೇಕು. ಇಲ್ಲದಿದ್ದರೆ ನೀವು ಒತ್ತಿದ್ದು ಪರದೆಯಲ್ಲಿ ಕಾಣುವುದು ತಡವಾಗುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 55 ಮೀಟರ್ ಓಡುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಐದೂವರೆ ಮೀಟರ್ ಮುಂದೆ ಹೋಗಿ ಬ್ರೇಕ್ ಹಿಡಿದ ಹಾಗೆ.

ಇನ್ನೊಂದು ವಿಷಯ, ಧೂಳು. ನಮ್ಮ ಕಡೆ ಕೆಂಪು ಮಣ್ಣು. ಬೇಸಿಗೆಯಲ್ಲಿ ಅಂಗಳದ ಧೂಳೆಲ್ಲ ಮನೆಯೊಳಗೆ ಬರುತ್ತದೆ. ಕನ್ಸೋಲ್, ಅಂದರೆ ಪ್ಲೇಸ್ಟೇಷನ್ ಪೆಟ್ಟಿಗೆ, ನೆಲದ ಮೇಲೆ ಇಡಬೇಡಿ. ಬಟ್ಟೆಯಿಂದ ಮುಚ್ಚಿ ಆಡುವುದಂತೂ ಬೇಡವೇ ಬೇಡ, ಬಿಸಿಗಾಳಿ ಹೊರಗೆ ಹೋಗಬೇಕು. ಗುಡುಗು ಶುರುವಾದರೆ ಗೇಮಿನಿಂದ ಹೊರಗೆ ಬಂದು, ಕನ್ಸೋಲ್ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ನಾನು ಇಂಟರ್ನೆಟ್ಟಿನ ಪೆಟ್ಟಿಗೆಯ ವಯರನ್ನೂ ಕೀಳುತ್ತೇನೆ.

ಕಂಟ್ರೋಲರಿನಲ್ಲಿ ಬಲಗೈ ತೋರುಬೆರಳಿಗೆ ಆರ್2, ಅದು ಆಕ್ಸಿಲರೇಟರ್. ಎಡಗೈ ತೋರುಬೆರಳಿಗೆ ಎಲ್2, ಅದು ಬ್ರೇಕ್. ಎಡ ಹೆಬ್ಬೆರಳಿನ ಸ್ಟಿಕ್ ಸ್ಟೇರಿಂಗ್. ಈ ಎರಡು ಗುಂಡಿಗಳು ಕರೆಂಟ್ ಸ್ವಿಚ್ಚಿನ ಹಾಗಲ್ಲ. ಅರ್ಧ ಒತ್ತಿದರೆ ಅರ್ಧ ಬ್ರೇಕ್, ಕಾಲು ಒತ್ತಿದರೆ ಕಾಲು ಬ್ರೇಕ್. ಪಿಎಸ್5ರ ಕಂಟ್ರೋಲರಿನಲ್ಲಿ ಎಲ್2 ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ನಿಜವಾದ ಪೆಡಲ್ ಒತ್ತಿದ ಹಾಗೆ. ಸ್ಪೀಡೋಮೀಟರಿನ ಹತ್ತಿರ ಬ್ರೇಕಿನದ್ದೊಂದು ಪಟ್ಟಿ ಏರುತ್ತದೆ, ಇಳಿಯುತ್ತದೆ. ಮೊದಲ ದಿನ ರೇಸೇ ಬೇಡ. ನೇರ ರಸ್ತೆಯಲ್ಲಿ ಆ ಪಟ್ಟಿಯನ್ನು ಅರ್ಧದಲ್ಲಿ ನಿಲ್ಲಿಸಿ ಹಿಡಿಯಲು ಬರುತ್ತದಾ ನೋಡಿ.

ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಆದರೆ ಒಂದು ಪರೀಕ್ಷೆ ಮಾಡಿ. ನೇರ ರಸ್ತೆಯಲ್ಲಿ ಹೆಬ್ಬೆರಳು ತೆಗೆದುಬಿಡಿ. ಕಾರು ತಾನಾಗಿ ಒಂದು ಕಡೆಗೆ ಎಳೆದರೆ ಸ್ಟಿಕ್ ಹಾಳಾಗಿದೆ ಅಂತ ಅರ್ಥ. ಪೇಟೆಯ ಒಂದು ಅಂಗಡಿಯಲ್ಲಿ ನಾನು ತಂದ ಕಂಟ್ರೋಲರ್ ಎಡಕ್ಕೆ ಎಳೆಯುತ್ತಿತ್ತು. ಒಂದು ವಾರ ನನ್ನ ಓಟವೇ ಸರಿಯಿಲ್ಲ ಅಂದುಕೊಂಡು ಬೇಸರಪಟ್ಟೆ. ಸ್ಟಿಕ್ ಬದಲಿಸಿದ ಮೇಲೆ ಎಲ್ಲ ಸರಿಯಾಯಿತು.

ಇನ್ನು ಸಹಾಯದ ಸೆಟ್ಟಿಂಗ್‌ಗಳು. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು ಎಬಿಎಸ್, ಅದು ಡಿಫಾಲ್ಟಿನಲ್ಲೇ ಇರಲಿ. ಆಕ್ಸಿಲರೇಟರ್ ಒತ್ತಿದಾಗ ಚಕ್ರ ಹಿಡಿತ ತಪ್ಪಿ ಸುಮ್ನೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ 0ಯಿಂದ 5ರ ತನಕ ಇದೆ. ಚಿಕ್ಕ ಕಾರಿಗೆ 1 ಸಾಕು, ಹಿಂದಿನ ಚಕ್ರಕ್ಕೆ ಎಂಜಿನಿನ ಬಲ ಹೋಗುವ ದೊಡ್ಡ ಕಾರಿಗೆ 2 ಅಥವಾ 3 ಇಡಿ. ಗೇಮೇ ಬ್ರೇಕ್ ಹಾಕಿಕೊಡುವ ಒಂದು ಸಹಾಯ ಇದೆ. ಅದನ್ನು ಮೊದಲ ದಿನವೇ ಆಫ್ ಮಾಡಿ. ಕಲಿಯಬೇಕಾದ ಕೆಲಸವನ್ನೇ ಅದು ಮಾಡಿಕೊಟ್ಟರೆ ನೀವು ಕಲಿಯುವುದು ಯಾವಾಗ? ರಸ್ತೆಯ ಮೇಲೆ ಗೆರೆ ತೋರಿಸುವ ಡ್ರೈವಿಂಗ್ ಲೈನ್ ಸ್ವಲ್ಪ ದಿನ ಇರಲಿ, ಹತ್ತು ಹದಿನೈದು ರೇಸ್ ಆದ ಮೇಲೆ ತೆಗೆಯಿರಿ. ಅದಿದ್ದರೆ ಕಣ್ಣು ಬಾನೆಟ್ಟಿನ ಎದುರೇ ಅಂಟಿಕೊಳ್ಳುತ್ತದೆ. ನಮ್ಮ ರಸ್ತೆಯಲ್ಲಿ ತಿರುವಿನ ಆಚೆ ಬಸ್ ಬರುತ್ತದಾ ಅಂತ ದೂರಕ್ಕೆ ನೋಡುತ್ತೇವಲ್ಲ, ಇಲ್ಲೂ ಹಾಗೇ ನೋಡಬೇಕು.

ಶುರುವಿನಲ್ಲಿ ಮೂರು ಕಾರುಗಳಲ್ಲಿ ಒಂದನ್ನು ಆರಿಸಬೇಕು. ಹೋಂಡಾ ಫಿಟ್, ಟೊಯೊಟಾ ಆಕ್ವಾ, ಮಾಜ್ದಾ ಡೆಮಿಯೊ. ಫಿಟ್ ಅಂದರೆ ನಮ್ಮಲ್ಲಿ ಜಾಝ್ ಅಂತ ಬಂದ ಕಾರು. ಮೂರಕ್ಕೂ ಮುಂದಿನ ಚಕ್ರವೇ ಎಳೆಯುವುದು, ಯಾವುದನ್ನು ತೆಗೆದುಕೊಂಡರೂ ನಷ್ಟ ಇಲ್ಲ. ಕೈಯಲ್ಲಿ ದುಡ್ಡು ಸೇರಿದ ಮೇಲೆ ಸುಜುಕಿ ಸ್ವಿಫ್ಟ್ ಸ್ಪೋರ್ಟ್ ತೆಗೆದುಕೊಳ್ಳಿ. ಊರಲ್ಲಿ ದಿನಾ ಕಾಣುವ ಕಾರಿನ ಅಣ್ಣ ಅದು. ಅಳಿಯನಿಗೆ ಫೆರಾರಿಗಿಂತ ಅದೇ ಇಷ್ಟವಾಯಿತು. ಟ್ಯೂನಿಂಗ್ ಶಾಪಿಗೆ ಹೋದರೆ ಎಂಜಿನಿನ ಸಾಮಾನು ಮುಟ್ಟಬೇಡಿ, ಮೊದಲು ಟಯರ್ ಹಾಕಿಸಿ. ಕಂಫರ್ಟ್ ಟಯರ್ ತೆಗೆದು ಸ್ಪೋರ್ಟ್ಸ್ ಹಾಕಿದರೆ ಬ್ರೇಕೂ ಹಿಡಿಯುತ್ತದೆ, ತಿರುವಿನಲ್ಲೂ ನಿಲ್ಲುತ್ತದೆ. ಆದರೆ ಟಯರ್ ಒಳ್ಳೆಯದಾದಷ್ಟು ಕಾರಿನ ಪಿಪಿ, ಅಂದರೆ ಕಾರು ಎಷ್ಟು ಜೋರು ಅಂತ ಗೇಮ್ ಕೊಡುವ ಅಂಕ, ಏರುತ್ತದೆ. ರೇಸಿಗೆ ಎಷ್ಟು ಪಿಪಿ ತನಕ ಬಿಡುತ್ತಾರೆ ಅಂತ ನೋಡಿಕೊಂಡು ಹಾಕಿಸಿ.

ಸ್ವಲ್ಪ ಆಡಿದ ಮೇಲೆ ಲೈಸೆನ್ಸ್ ಸೆಂಟರ್ ತೆರೆಯುತ್ತದೆ. ಜಾಸ್ತಿ ಜನ ಪಾಸಾಗುವಷ್ಟು ಮಾಡಿ ಓಡಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಗೇಮಿನಲ್ಲಿ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ನ್ಯಾಷನಲ್ ಬಿ ಲೈಸೆನ್ಸಿನ ಮೊದಲ ಪರೀಕ್ಷೆಯನ್ನೇ ನೋಡಿ. ತಿರುವೇ ಇಲ್ಲ. ಹೊರಟು, ವೇಗ ಹಿಡಿದು, ಗುರುತು ಹಾಕಿದ ಜಾಗದೊಳಗೆ ನಿಲ್ಲಿಸಬೇಕು. ಜಾಗ ದಾಟಿದರೆ ಫೇಲ್. ಅಳಿಯ ಅದನ್ನು ಮೂವತ್ತು ಸಲವಾದರೂ ಮಾಡಿದ. ಕಂಚು ಬಂದಾಗ ಸಾಕು ಅಂದ. ಚಿನ್ನ ಬರುವ ತನಕ ಬಿಡಬೇಡ ಅಂದೆ. ಚಿನ್ನ ಬಂದ ದಿನ ಅವನ ಬೆರಳಿಗೆ ಬ್ರೇಕಿನ ದೂರ ಗೊತ್ತಾಗಿತ್ತು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಮೂವತ್ತು ಸಲ ಗೆರೆ ದಾಟಿದಾಗ ಹೋಗುತ್ತದೆ.

ಆಮೇಲೆ ಅವನನ್ನು ತ್ಸುಕುಬಾ ಟ್ರ್ಯಾಕಿಗೆ ಬಿಟ್ಟೆ. ಜಪಾನಿನ ಚಿಕ್ಕ ಟ್ರ್ಯಾಕ್, ಒಂದು ಸುತ್ತು ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ತಪ್ಪಿದ ತಿರುವು ಒಂದೇ ನಿಮಿಷದಲ್ಲಿ ಮತ್ತೆ ಎದುರು ಬರುತ್ತದೆ, ಕಲಿಯುವವರಿಗೆ ಅದೇ ಬೇಕು. ಉದ್ದ ರಸ್ತೆಯ ಕೊನೆಗೆ ಮೊದಲ ತಿರುವು ಬಲಕ್ಕೆ. ಪ್ರತಿ ಸುತ್ತಿನಲ್ಲೂ ಅವನು ನೇರ ಮರಳಿಗೆ ಹೋಗಿ ಬೀಳುತ್ತಿದ್ದ.

"ಮಾವ, ನಾನು ಪೂರ್ತಿ ತಿರುಗಿಸ್ತಾ ಇದ್ದೇನೆ. ಕಾರೇ ತಿರುಗುವುದಿಲ್ಲ."

"ಬ್ರೇಕ್ ಯಾವಾಗ ಬಿಟ್ಟೆ?"

"ಬಿಡಲೇ ಇಲ್ಲ."

ಕಾರಣ ಅಲ್ಲೇ ಇತ್ತು. ಟಯರಿನ ಹಿಡಿತ ಒಂದು ಸೇರು ಅಕ್ಕಿ ಇದ್ದ ಹಾಗೆ. ಗಂಜಿಗೂ ಅದರಲ್ಲೇ ಆಗಬೇಕು, ದೋಸೆಗೂ ಅದರಲ್ಲೇ ಆಗಬೇಕು. ಪೂರ್ತಿ ದೋಸೆಗೆ ನೆನೆಹಾಕಿದರೆ ಗಂಜಿಗೆ ಏನೂ ಉಳಿಯುವುದಿಲ್ಲ. ಹಿಡಿತವೆಲ್ಲ ಬ್ರೇಕಿಗೇ ಖರ್ಚಾದರೆ ತಿರುಗಲು ಉಳಿಯುವುದಿಲ್ಲ. ಸ್ಟಿಕ್ ಎಷ್ಟು ತಿರುಗಿಸಿದರೂ ಟಯರ್ ಕೀರ್ ಅಂತ ಕೂಗುತ್ತದೆ ಅಷ್ಟೇ. ಆ ಕೂಗು ಕೇಳಿದಾಗ ಸ್ಟಿಕ್ ಇನ್ನೂ ತಿರುಗಿಸಬೇಡಿ, ಸ್ವಲ್ಪ ಹಿಂದಕ್ಕೆ ತನ್ನಿ. ಹಿಡಿತ ವಾಪಸ್ ಬರುತ್ತದೆ.

ಅದಕ್ಕೆ ಕ್ರಮ ಹೀಗೆ. ಕಾರು ನೇರ ಇರುವಾಗಲೇ ಜೋರಾಗಿ ಬ್ರೇಕ್ ಹಿಡಿಯಿರಿ. ವೇಗ ಇಳಿಯುತ್ತಾ ಬಂದಂತೆ ಎಲ್2ನಿಂದ ಬೆರಳು ನಿಧಾನಕ್ಕೆ ಸಡಿಲಿಸಿ. ಅದು ಸಡಿಲಾದಷ್ಟೇ ಸ್ಟಿಕ್ ತಿರುಗಲಿ. ಒಂದು ಕೈ ಕೊಟ್ಟಷ್ಟನ್ನೇ ಇನ್ನೊಂದು ಕೈ ತೆಗೆದುಕೊಳ್ಳಬೇಕು. ತಿರುವಿನ ಒಳಅಂಚು ಮುಟ್ಟುವ ಹೊತ್ತಿಗೆ ಬ್ರೇಕ್ ಪೂರ್ತಿ ಬಿಟ್ಟಿರಬೇಕು. ಆಮೇಲೆ ಸ್ಟಿಕ್ ನೇರ ಮಾಡುತ್ತಾ ಆರ್2 ಮೆಲ್ಲಗೆ ಒತ್ತುತ್ತಾ ಹೋಗಿ.

ಬ್ರೇಕ್ ಎಲ್ಲಿ ಹಿಡಿಯಬೇಕು ಅಂತ ಕಂಡುಕೊಳ್ಳಲು ರಸ್ತೆ ಬದಿಯಲ್ಲಿ ಅಲುಗಾಡದ ಒಂದು ಗುರುತು ಇಟ್ಟುಕೊಳ್ಳಿ. ಬೋರ್ಡಾಗಲಿ, ಬೇಲಿಯ ಮೂಲೆಯಾಗಲಿ. ನಾನು ಪಿಕಪ್ ಓಡಿಸುವಾಗಲೂ ಹೀಗೇ ಮಾಡುತ್ತೇನೆ. ಒಂದು ಇಳಿಜಾರಿನಲ್ಲಿ ಹಲಸಿನ ಮರ ಕಂಡ ಕೂಡಲೇ ಗೇರ್ ಇಳಿಸುತ್ತೇನೆ, ಸಂಕ ಕಾಣುವ ತನಕ ಕಾಯುವುದಿಲ್ಲ. ಮೊದಲ ಸುತ್ತಿನಲ್ಲಿ ತೀರಾ ಬೇಗ ಹಿಡಿಯಿರಿ. ಮುಂದಿನ ಸುತ್ತಿನಲ್ಲಿ ಒಂದು ಕಾರಿನ ಉದ್ದದಷ್ಟು ತಡ. ಮತ್ತೆ ಅಷ್ಟೇ ತಡ. ಯಾವಾಗ ಒಳಅಂಚು ತಪ್ಪುತ್ತದೋ ಆಗ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಅದೇ ನಿಮ್ಮ ಜಾಗ.

ತೂಕದ ವಿಷಯ ನನಗೆ ಗೋಣಿಗಳೇ ಕಲಿಸಿದ್ದು. ಅಡಿಕೆ ಗೋಣಿ ಹಗ್ಗ ಬಿಗಿಯದೆ ಹೇರಿ ಬ್ರೇಕ್ ಹಿಡಿದರೆ ಎಲ್ಲ ಮುಂದಕ್ಕೆ ಜಾರುತ್ತವೆ. ಬಲಕ್ಕೆ ತಿರುಗಿದರೆ ಎಡಕ್ಕೆ ವಾಲುತ್ತವೆ. ಖಾಲಿ ಕಾರಿನಲ್ಲೂ ತೂಕ ಹೀಗೇ ಓಡಾಡುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬ್ರೇಕ್ ಹಿಡಿದಾಗ ತೂಕ ಮುಂದಿನ ಟಯರಿನ ಮೇಲೆ ಕೂರುತ್ತದೆ. ಮುಂದಿನ ಟಯರ್ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಬ್ರೇಕ್ ಒಮ್ಮೆಲೇ ಬಿಡದೆ ಮೆಲ್ಲಗೆ ಬಿಡಿ ಅಂದದ್ದು ಅದಕ್ಕೇ. ಮೆಲ್ಲಗೆ ಬಿಟ್ಟರೆ ತಿರುಗಿಸುವ ಹೊತ್ತಿಗೂ ಮುಂದೆ ಸ್ವಲ್ಪ ತೂಕ ಉಳಿದಿರುತ್ತದೆ. ವೇಗದ ತಿರುವಿನ ಮಧ್ಯದಲ್ಲಿ ಹೆದರಿ ಆಕ್ಸಿಲರೇಟರ್ ಪಟ್ಟನೆ ಬಿಟ್ಟರೆ ಹಿಂಭಾಗ ಹಗುರಾಗಿ ಕಾರು ಗಿರ್ರನೆ ತಿರುಗಿ ನಿಲ್ಲುತ್ತದೆ. ಹೆದರಿಕೆಯಾದರೆ ಸ್ವಲ್ಪ ಮಾತ್ರ ಬಿಡಿ, ಪೂರ್ತಿ ಬಿಡಬೇಡಿ.

ತ್ಸುಕುಬಾದ ಕೊನೆಯ ತಿರುವು ಉದ್ದದ್ದು, ಬಲಕ್ಕೆ. ಅಲ್ಲಿ ಎಲ್ಲರಿಗೂ ಅವಸರ. ಬೇಗ ಒಳಗೆ ನುಗ್ಗಿದರೆ ಕೊನೆಗೆ ಕಾರು ಹೊರಕ್ಕೆ ಜಾರಿ, ಆರ್2 ಬಿಡಬೇಕಾಗುತ್ತದೆ. ಅದರ ಮುಂದೆ ಇರುವುದು ನೇರ ರಸ್ತೆ. ಅಲ್ಲಿ ನಿಧಾನಕ್ಕೆ ಹೊರಟರೆ ನೇರ ರಸ್ತೆಯ ಕೊನೆಯ ತನಕ ನಿಧಾನವೇ. ಹಾಗಾಗಿ ಹೊರಗಿನಿಂದ ಬಂದು, ಕಾದು, ತಡವಾಗಿ ಒಳಅಂಚು ಮುಟ್ಟಿ, ಮತ್ತೆ ಹೊರಕ್ಕೆ ಬಿಡಿ. ಮುಂದೆ ನೇರ ರಸ್ತೆ ಇರುವ ತಿರುವು ಯಾವುದೋ ಅಲ್ಲೇ ಜಾಸ್ತಿ ಅಭ್ಯಾಸ ಮಾಡಿ. ಬಾಕಿ ತಿರುವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ಮಳೆ ಬಂದರೆ ಇದೆಲ್ಲವನ್ನೂ ಇನ್ನೂ ಬೇಗ, ಇನ್ನೂ ಮೆಲ್ಲಗೆ ಮಾಡಬೇಕು. ಅಂಚಿನ ಬಣ್ಣದ ಕಟ್ಟೆ ಮುಟ್ಟಬೇಡಿ, ಒದ್ದೆಯಾದರೆ ಅದು ಪಾಚಿ ಹಿಡಿದ ಅಂಗಳದ ಹಾಗೆ. ಮಳೆಯ ಟಯರಿನಲ್ಲಿ ಎರಡು ಬಗೆ ಇವೆ, ಸ್ವಲ್ಪ ಒದ್ದೆಗೆ ಇಂಟರ್ಮೀಡಿಯೆಟ್, ಜೋರು ಮಳೆಗೆ ಹೆವಿ ವೆಟ್. ಮಳೆ ನಿಂತ ಮೇಲೆ ಕಾರುಗಳು ಓಡುವ ಗೆರೆ ಮೊದಲು ಒಣಗುತ್ತದೆ, ಅದನ್ನು ಬಿಟ್ಟು ಆಚೀಚೆ ಹೋಗಬೇಡಿ.

ಬೇರೆಯವರ ಜತೆ ಆಡುವ ಸ್ಪೋರ್ಟ್ ಮೋಡಿಗೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇಕು. ಅಲ್ಲಿ ಸೇರುವ ಮೊದಲು ರೇಸಿನ ಮರ್ಯಾದೆ ಬಗ್ಗೆ ಎರಡು ವಿಡಿಯೋ ನೋಡಲೇಬೇಕು. ನಿಮ್ಮ ಓಟಕ್ಕೊಂದು ದರ್ಜೆ, ನಡತೆಗೊಂದು ದರ್ಜೆ. ಇನ್ನೊಬ್ಬರ ಕಾರಿಗೆ ಗುದ್ದಿದರೆ ನಡತೆಯ ದರ್ಜೆ ಇಳಿಯುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಇನ್ನೊಬ್ಬನನ್ನು ಮರಳಿಗೆ ತಳ್ಳಿ ಗೆದ್ದದ್ದನ್ನು ನಾನು ಗೆಲುವು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಳಿಯನಿಗೂ ಹೇಳಿದ್ದೇನೆ, ಮೊದಲ ತಿರುವಿನಲ್ಲಿ ಎದುರಿನ ಕಾರು ನಿನಗಿಂತ ಬೇಗ ಬ್ರೇಕ್ ಹಿಡಿಯುತ್ತದೆ ಅಂತಲೇ ಅಂದುಕೊಂಡು ಜಾಗ ಬಿಟ್ಟು ಹೋಗು ಅಂತ.

ತ್ಸುಕುಬಾ ಕೈಗೆ ಬಂದ ಮೇಲೆ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆಗೆ ಹೋಗಿ. ಒಂದು ಸುತ್ತು 20 ಕಿಲೋಮೀಟರಿಗೂ ಜಾಸ್ತಿ. ಕಾಡಿನ ನಡುವೆ ಏರು, ಇಳಿಜಾರು, ಕಾಣದ ತಿರುವು. ನಮ್ಮ ಕಡೆಯ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಓಡಾಡಿದವರಿಗೆ ಅದರ ರುಚಿ ಕೂಡಲೇ ಗೊತ್ತಾಗುತ್ತದೆ. ಇಡೀ ಸುತ್ತನ್ನು ಒಟ್ಟಿಗೆ ಕಲಿಯಲು ಹೋಗಬೇಡಿ. ಸರ್ಕ್ಯೂಟ್ ಎಕ್ಸ್‌ಪೀರಿಯೆನ್ಸ್ ಅನ್ನುವ ಭಾಗದಲ್ಲಿ ಟ್ರ್ಯಾಕನ್ನು ತುಂಡು ತುಂಡು ಮಾಡಿ ಕೊಟ್ಟಿದ್ದಾರೆ. ವಾರಕ್ಕೆ ಒಂದು ತುಂಡು ಸಾಕು. ಕರುಸೆಲ್ ಅನ್ನುವ ಎಡತಿರುವಿನಲ್ಲಿ ಒಳಗಿನ ಕಾಂಕ್ರೀಟ್ ಪಟ್ಟಿ ತೋಡಿನ ಹಾಗೆ ತಗ್ಗಾಗಿ, ಓರೆಯಾಗಿದೆ. ಎಡಗಡೆಯ ಚಕ್ರಗಳನ್ನು ಅದರೊಳಗೆ ಇಳಿಸಿ, ಸ್ಟಿಕ್ ಅಲುಗಾಡಿಸದೆ ಹಿಡಿದುಕೊಳ್ಳಿ. ಕಂಟ್ರೋಲರ್ ಅಂಗೈಯಲ್ಲಿ ಗಡಗಡ ನಡುಗುತ್ತದೆ. ಹೊರಬರುವ ಬಾಯಿ ಕಣ್ಣಿಗೆ ಬಿದ್ದ ಮೇಲೆ ಆರ್2.