ಮಂಗಳ ಒಂದು ಗೇಣು ಹಿಂದಕ್ಕೆ ಹೋಗುವುದನ್ನು ತಾರಸಿ ಮೇಲೆ ನಿಂತು ನೋಡುವ ಬಗೆ

ನಾನು ಹಿರಿಯೂರು ಕಡೆ ಒಂದು ಸಬ್‌ಸ್ಟೇಷನ್‌ನಲ್ಲಿ ಶಿಫ್ಟ್ ಆಪರೇಟರ್. ಗಂಟೆಗೊಮ್ಮೆ ರೀಡಿಂಗ್ ಬರೆಯುವುದು ನನ್ನ ಕೆಲಸ. ವೋಲ್ಟೇಜ್ ಎಷ್ಟು, ಯಾವ ಫೀಡರ್‌ನಲ್ಲಿ ಎಷ್ಟು ಆಂಪ್ಸ್, ಟ್ರಾನ್ಸ್‌ಫಾರ್ಮರ್ ಎಣ್ಣೆ ಎಷ್ಟು ಬಿಸಿ. ರಾತ್ರಿ ಪಾಳಿಯಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಟ್ಟ ಮೇಲೆ ಫೋನ್ ಬಡಿದುಕೊಳ್ಳುವುದು ನಿಲ್ಲುತ್ತದೆ. ಆಮೇಲೆ ನಾನು, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವ ಸದ್ದು, ಮೇಲೆ ಆಕಾಶ. ಅಷ್ಟೇ.

ಶುರುವಾಗಿದ್ದು ಅಮ್ಮನಿಂದ. 2022ರಲ್ಲಿ ತೋಟಕ್ಕೆ ಬೋರ್‌ವೆಲ್ ಹಾಕಿಸಲು ಲಾರಿಯವನ ಹತ್ತಿರ ಮಾತಾಡಿದ್ದೆ. ಅಮ್ಮ ಪಂಚಾಂಗ ತೆಗೆದು, "ಕುಜ ವಕ್ರ ಅದಾನೆ, ಸಂಕ್ರಾಂತಿ ಕಳೀಲಿ ತಡಿ" ಅಂದರು. ತಡೆದೆ. ಕುಜ ಅಂದರೆ ಮಂಗಳ, ಅದು ಗೊತ್ತು. ಆದರೆ ವಕ್ರ ಅಂದರೆ ಏನು? ಗ್ರಹ ನಿಜವಾಗಿ ಹಿಂದಕ್ಕೆ ಹೋಗುತ್ತದಾ? ದಿನಾ ರಾತ್ರಿ ಎಚ್ಚರ ಇರುವವನು ನಾನು, ನಾನೇ ನೋಡಿಬಿಡೋಣ ಅನ್ನಿಸಿತು.

ಮೊದಲು ನನ್ನ ತಪ್ಪು ಹೇಳುತ್ತೇನೆ. ಎಲ್ಲರೂ ಮಾಡುವ ತಪ್ಪೇ ಇದು. ಅಕ್ಟೋಬರ್ ಕೊನೆಯಿಂದ ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ಅಂಗಳಕ್ಕೆ ಬಂದು, ಕಾಂಪೌಂಡ್ ಆಚೆಯ ತೆಂಗಿನ ಮರದಿಂದ ಮಂಗಳ ಎಷ್ಟು ಮೇಲಿದೆ ಅಂತ ಬರೆದೆ. ಹತ್ತು ದಿನದಲ್ಲಿ ಒಂದು ಮುಷ್ಟಿ ಪಶ್ಚಿಮಕ್ಕೆ ಸರಿದಿತ್ತು. ಸಿಕ್ಕೇಬಿಟ್ಟಿತು ವಕ್ರ ಅಂತ ಖುಷಿಯಾದೆ. ಆಮೇಲೆ ನೋಡಿದರೆ ಪಕ್ಕದ ರೋಹಿಣಿಯೂ ಒಂದು ಮುಷ್ಟಿ ಸರಿದಿದೆ, ಕೃತ್ತಿಕೆಯೂ ಸರಿದಿದೆ. ಇಡೀ ಆಕಾಶವೇ ಸರಿದಿದೆ!

ಕಾರಣ ಸರಳ. ಭೂಮಿ ಸೂರ್ಯನ ಸುತ್ತ ದಿನಕ್ಕೆ ಸುಮಾರು ಒಂದು ಡಿಗ್ರಿ ಮುಂದೆ ಹೋಗುತ್ತದೆ. ಹಾಗಾಗಿ ಯಾವ ನಕ್ಷತ್ರವಾದರೂ ದಿನಾ ನಾಲ್ಕು ನಿಮಿಷ ಮೊದಲೇ ಹುಟ್ಟುತ್ತದೆ. ತಿಂಗಳಿಗೆ ಎರಡು ಗಂಟೆ. ಗಡಿಯಾರ ನೋಡಿಕೊಂಡು ಒಂದೇ ಹೊತ್ತಿಗೆ ನಿಂತರೆ ಎಲ್ಲವೂ ಪಶ್ಚಿಮಕ್ಕೆ ಜಾರಿದ ಹಾಗೆ ಕಾಣುತ್ತದೆ. ಹಾಗಾಗಿ ಗ್ರಹವನ್ನು ತೆಂಗಿನ ಮರದಿಂದ ಅಳೆಯಬೇಡಿ. ಅಕ್ಕಪಕ್ಕದ ನಕ್ಷತ್ರದಿಂದ ಅಳೆಯಿರಿ. ಹೊತ್ತು ಯಾವುದಾದರೂ ಆಗಬಹುದು.

ಇನ್ನು ಅಳತೆ. ದುರ್ಬೀನು ಬೇಡ, ಕೈ ಸಾಕು. ತೋಳನ್ನು ಪೂರ್ತಿ ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ. ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಗೇಣು ಬಿಚ್ಚಿ ಹಿಡಿದರೆ ಹತ್ತಿರ ಹತ್ತಿರ ಇಪ್ಪತ್ತು. ನಡುವಿನ ಮೂರು ಬೆರಳು ಐದು. ಕಿರುಬೆರಳು ಒಂದು. ಮಕ್ಕಳ ಕೈ ಚಿಕ್ಕದು, ತೋಳೂ ಚಿಕ್ಕದು, ಆದ್ದರಿಂದ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ನಿಮ್ಮ ಕೈ ಸರಿಯಾಗಿದೆಯಾ ಅಂತ ಒಮ್ಮೆ ತಾಳೆ ನೋಡಿಕೊಳ್ಳಿ. ಪುನರ್ವಸುವಿನ ಜೋಡಿ ನಕ್ಷತ್ರಗಳೆರಡರ ನಡುವೆ ನಾಲ್ಕೂವರೆ ಡಿಗ್ರಿ ಇದೆ. ನನಗೆ ಅದು ಮೂರು ಬೆರಳಿಗೆ ಒಂದು ಕೂದಲೆಳೆ ಕಡಿಮೆ.

ಗ್ರಹ ಯಾವುದು, ನಕ್ಷತ್ರ ಯಾವುದು? ನಕ್ಷತ್ರ ಮಿನುಗುತ್ತದೆ, ಗ್ರಹ ಸುಮ್ನೆ ಉರಿಯುತ್ತದೆ. ದಿಗಂತಕ್ಕೆ ತೀರಾ ಹತ್ತಿರ ಇದ್ದರೆ ಗ್ರಹವೂ ಸ್ವಲ್ಪ ನಡುಗಬಹುದು, ಮೇಲೇರಲು ಬಿಡಿ. ಮಂಗಳ ಕೆಂಡದ ಬಣ್ಣ. ಇನ್ನೊಂದು ಸುಲಭದ ದಾರಿ ಅಮ್ಮನ ಪಂಚಾಂಗವೇ. ಅದರಲ್ಲಿ ಇವತ್ತು ಪುಷ್ಯ ಅಂತ ಇದ್ದರೆ ಚಂದ್ರ ಪುಷ್ಯದ ಹತ್ತಿರ ಇದ್ದಾನೆ ಅಂತಲೇ ಅರ್ಥ. ತಿಂಗಳು ಪೂರ್ತಿ ಚಂದ್ರನ ಬೆನ್ನು ಹತ್ತಿದರೆ ಎಲ್ಲ ನಕ್ಷತ್ರದ ವಿಳಾಸ ಸಿಗುತ್ತದೆ. ನಾನು ಯಾವ ಆ್ಯಪ್‌ನಿಂದಲೂ ಕಲಿಯಲಿಲ್ಲ, ಹೀಗೇ ಕಲಿತೆ.

ಎರಡನೇ ಸಲ, 2024ರ ನವೆಂಬರ್‌ನಲ್ಲಿ, ಸರಿಯಾಗಿ ಶುರುಮಾಡಿದೆ. ಹಳೇ ಲಾಗ್‌ಶೀಟ್ ಹಿಂಬದಿಯಲ್ಲಿ ಪುನರ್ವಸು ಜೋಡಿ ಮತ್ತು ಪುಷ್ಯದ ಚಿತ್ರ ಬರೆದುಕೊಂಡೆ. ಪುಷ್ಯದ ನಡುವೆ ಒಂದು ಮಸುಕಾದ ನಕ್ಷತ್ರ ಗುಂಪು ಇದೆ, ಯಾರೋ ಆಕಾಶದ ಮೇಲೆ ಉಫ್ ಅಂತ ಉಸಿರು ಬಿಟ್ಟ ಹಾಗೆ. ಕತ್ತಲಿದ್ದರೆ ಮಾತ್ರ ಕಾಣುತ್ತದೆ. ಯಾರ್ಡ್ ಲೈಟಿಗೆ ಬೆನ್ನು ಹಾಕಿ, ಕಂಟ್ರೋಲ್ ರೂಮ್ ಹಿಂದಿನ ಗೋಡೆಯ ನೆರಳಲ್ಲಿ ಹತ್ತು ನಿಮಿಷ ಕೂತರೆ ಕಣ್ಣು ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ನಡುವೆ ಮೊಬೈಲ್ ನೋಡಿದಿರೋ, ಮತ್ತೆ ಹತ್ತು ನಿಮಿಷ.

ಐದಾರು ದಿನಕ್ಕೊಮ್ಮೆ ಮಂಗಳ ಇರುವಲ್ಲಿ ಒಂದು ಚುಕ್ಕಿ, ಪಕ್ಕದಲ್ಲಿ ತಾರೀಕು. ದಿನಾ ಬರೆಯಬೇಕಿಲ್ಲ. ಬರೆದರೆ ಬೇಜಾರಾಗಿ ಬಿಟ್ಟುಬಿಡುತ್ತೀರಿ.

ನವೆಂಬರ್‌ನಲ್ಲಿ ಚುಕ್ಕಿಗಳು ಪೂರ್ವಕ್ಕೆ, ಪುಷ್ಯದ ಮಸುಕು ಗುಂಪಿನ ಕಡೆಗೆ ಹೋದವು. ಆದರೆ ಹೋಗುತ್ತಾ ಹೋಗುತ್ತಾ ಒಂದಕ್ಕೊಂದು ಹತ್ತಿರವಾದವು. ಡಿಸೆಂಬರ್ ಮೊದಲ ವಾರ ಆ ಗುಂಪಿಗೆ ಸುಮಾರು ಒಂದು ಬೆರಳಷ್ಟೇ ದೂರ. ಅಲ್ಲಿ ನಿಂತಿತು. ಮೂರು ಚುಕ್ಕಿ ಒಂದರ ಮೇಲೊಂದು ಬಿದ್ದು ಪೆನ್ನಿನ ಕಲೆ ಆಯಿತು. ಪಂಚಾಂಗ ನೋಡಿದೆ, ಡಿಸೆಂಬರ್ 7ಕ್ಕೆ ವಕ್ರ ಆರಂಭ ಅಂತಿತ್ತು. ಆಮೇಲೆ ಹಿಂದಕ್ಕೆ. ಜನವರಿಯಲ್ಲಂತೂ ಎರಡು ದಿನಕ್ಕೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಜನವರಿ ಮೂರನೇ ವಾರ ಪುನರ್ವಸುವಿನ ಎರಡು ನಕ್ಷತ್ರ ಮತ್ತು ಮಂಗಳ ಒಂದೇ ಗೆರೆಯಲ್ಲಿ ನಿಂತವು. ಮಗಳನ್ನು ಎಬ್ಬಿಸಿ ತೋರಿಸಿದೆ. "ಇದಕ್ಕೆ ಎಬ್ಬಿಸಿದ್ಯಾ ಅಪ್ಪಾ" ಅಂದಳು.

ಫೆಬ್ರವರಿ 24ರ ಸುಮಾರಿಗೆ ಮತ್ತೆ ನಿಂತಿತು. ಮತ್ತೆ ಪೂರ್ವಕ್ಕೆ ಹೊರಟಿತು. ಮಾರ್ಚ್ ಕೊನೆಗೆ ಪುನರ್ವಸು ಪಕ್ಕ, ಮೇ ಮೊದಲ ವಾರ ಪುಷ್ಯದ ಆ ಮಸುಕು ಗುಂಪಿಗೆ ತಾಗಿಕೊಂಡೇ ದಾಟಿತು. ಡಿಸೆಂಬರ್‌ನಲ್ಲಿ ಒಂದು ಬೆರಳು ಉಳಿಸಿಕೊಂಡು ನಿಂತಿದ್ದ ಜಾಗ. ಅದನ್ನು ದಾಟಲು ಐದು ತಿಂಗಳು. ಅಷ್ಟರಲ್ಲಿ ಅದರ ಬೆಳಕೂ ಇಳಿದಿತ್ತು. ಜನವರಿ 12ಕ್ಕೆ ಮಂಗಳ ನಮ್ಮಿಂದ ಸುಮಾರು 9.6 ಕೋಟಿ ಕಿಲೋಮೀಟರ್ ದೂರ ಇತ್ತು. ಮೇ ತಿಂಗಳಿಗೆ ಅದು ದುಪ್ಪಟ್ಟು.

ಈ ಬೆಳಕಿನ ಏರಿಳಿತದಲ್ಲೇ ಉತ್ತರ ಇದೆ. ಮಂಗಳ ಹಿಂದಕ್ಕೆ ಹೋಗುವುದು ಅದು ನಮಗೆ ಹತ್ತಿರ ಇದ್ದಾಗ ಮಾತ್ರ. ಅಂದರೆ ನಾವು ಅದನ್ನು ಓವರ್‌ಟೇಕ್ ಮಾಡುವಾಗ. ಭೂಮಿ ಒಳಗಿನ ದಾರಿಯಲ್ಲಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ, ಮಂಗಳ ಹೊರಗಿನ ದಾರಿಯಲ್ಲಿ 24. ನಾನು ಚಿತ್ರದುರ್ಗಕ್ಕೆ ಬಸ್ಸಲ್ಲಿ ಹೋಗುವಾಗ ಪಕ್ಕದ ಲಾರಿಯನ್ನು ದಾಟುತ್ತೇವಲ್ಲ, ಆಗ ದೂರದ ಗುಡ್ಡದ ಗಾಳಿಯಂತ್ರಗಳ ಮುಂದೆ ಲಾರಿ ಹಿಂದಕ್ಕೆ ಜಾರಿದ ಹಾಗೆ ಕಾಣುತ್ತದೆ. ಲಾರಿ ಡ್ರೈವರ್ ರಿವರ್ಸ್ ಹಾಕಿಲ್ಲ, ಅಲ್ವಾ?

ಆದರೆ ಬಸ್ಸಿನ ಉದಾಹರಣೆ ಅರ್ಧ ಮಾತ್ರ. ನಿಲ್ಲುವುದು, ಮತ್ತೆ ಮುಂದೆ ಹೊರಡುವುದು ಅದರಲ್ಲಿ ಬರುವುದಿಲ್ಲ. ಯಾಕಂದರೆ ಗ್ರಹಗಳ ದಾರಿ ದುಂಡಗಿದೆ. ಅದಕ್ಕೆ ತಾರಸಿ ಬೇಕು.

ತಾರಸಿ ನಡುವೆ ಒಂದು ಚೊಂಬು ಇಡಿ, ಅದು ಸೂರ್ಯ. ಹಗ್ಗ ಹಿಡಿದು ಸೀಮೆಸುಣ್ಣದಲ್ಲಿ ಎರಡು ವೃತ್ತ ಎಳೆಯಿರಿ. ಒಂದು ಮೀಟರ್‌ದು ಭೂಮಿಗೆ, ಒಂದೂವರೆ ಮೀಟರ್‌ದು ಮಂಗಳಕ್ಕೆ. ನಿಜವಾದ ಅಳತೆಯೂ ಹೆಚ್ಚುಕಮ್ಮಿ ಇದೇ. ಒಳಗಿನದಕ್ಕೆ ಸಮನಾಗಿ 12 ಗುರುತು ಹಾಕಿ. ಹೊರಗಿನದಕ್ಕೆ 23, ಯಾಕಂದರೆ ಮಂಗಳಕ್ಕೆ ಒಂದು ಸುತ್ತಿಗೆ 687 ದಿನ ಬೇಕು, ಅಂದರೆ ಹತ್ತಿರ ಹತ್ತಿರ 23 ತಿಂಗಳು. ಒಂದು ಗುರುತು ಅಂದರೆ ಒಂದು ತಿಂಗಳು. ಇಬ್ಬರೂ ಎಡಗಡೆಗೆ ತಿರುಗುವಂತೆ ನಡೆಯಬೇಕು. ಮಗಳು ಭೂಮಿ, ನಾನು ಮಂಗಳ. ಮಂಗಳ ಮೂರು ಗುರುತು ಮುಂದಿರುವಾಗ ಶುರುಮಾಡಿ, ಭೂಮಿಗೆ ಹಿಂದಿನಿಂದ ಬಂದು ದಾಟಲು ಜಾಗ ಇರಲಿ. ಅಮ್ಮ ಒಂದು ಚಪ್ಪಾಳೆ ಹೊಡೆದರೆ ಇಬ್ಬರೂ ಒಂದೊಂದು ಗುರುತು. ಪ್ರತಿ ಸಲ ಮಗಳು ನನ್ನ ತಲೆಯ ಹಿಂದೆ ದೂರದಲ್ಲಿ ಏನು ಕಾಣುತ್ತದೆ ಅಂತ ಕೂಗಬೇಕು.

ಮೊದಲ ಸಲ ಅವಳು ಪಕ್ಕದ ಮನೆಯ ನೀರಿನ ಟ್ಯಾಂಕನ್ನು ಹಿಡಿದುಕೊಂಡಳು, ಎಲ್ಲ ಕಲಸುಮೇಲೋಗರವಾಯಿತು. ಟ್ಯಾಂಕ್ ತೀರಾ ಹತ್ತಿರ. ನಕ್ಷತ್ರದ ಪಾತ್ರ ಮಾಡುವ ವಸ್ತು ಕನಿಷ್ಠ ಅರ್ಧ ಕಿಲೋಮೀಟರ್ ಆಚೆ ಇರಬೇಕು. ಮೊಬೈಲ್ ಟವರ್, ಗುಡಿ ಗೋಪುರ, ಗುಡ್ಡದ ತುದಿ. ಎರಡನೇ ಸಲ ಅವಳ ಕೂಗು ಹೀಗಿತ್ತು: ಗುಡಿ, ಟವರ್, ಹುಣಸೆಮರ. ನನ್ನ ಪಕ್ಕ ಬಂದು ದಾಟುವಾಗ: ಟವರ್! ಗುಡಿ! ದಾಟಿದ ಮೇಲೆ ಮತ್ತೆ: ಟವರ್. ನಾನು ಒಂದು ಹೆಜ್ಜೆಯನ್ನೂ ಹಿಂದಕ್ಕೆ ಇಟ್ಟಿರಲಿಲ್ಲ. ಅಮ್ಮ ಚಪ್ಪಾಳೆ ನಿಲ್ಲಿಸಿ, "ಅಂದ್ರೆ ವಕ್ರ ನಾವಾ?" ಅಂದರು.

ಮಂಗಳವನ್ನು ನಾವು ದಾಟುವುದು ಸರಾಸರಿ ಎರಡು ವರ್ಷ ಐವತ್ತು ದಿನಕ್ಕೊಮ್ಮೆ. 2022ರ ಡಿಸೆಂಬರ್, 2025ರ ಜನವರಿ, ಮುಂದಿನದು 2027ರ ಫೆಬ್ರವರಿ 19. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸಲ ಸಿಗಲಾರದು. ಚಳಿಗಾಲ, ಮೋಡದ ಕಾಟ ಕಡಿಮೆ. ಜಾಗ ಸಿಂಹ ರಾಶಿ, ಗುರುತಿಸುವುದೂ ಸುಲಭ. ಅಲ್ಲಿ ಕುಡುಗೋಲಿನ ಆಕಾರ ಇದೆ, ಹಿಡಿಯ ಬುಡದಲ್ಲಿ ಹೊಳೆಯುವುದೇ ಮಘಾ. ಮಂಗಳ ಜನವರಿ ಎರಡನೇ ವಾರ ಮಘಾದ ಪೂರ್ವಕ್ಕೆ ಒಂದು ಮುಷ್ಟಿ ದೂರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಬಂದು ಮಘಾ ಪಕ್ಕ ಹಾದು, ಏಪ್ರಿಲ್ ಆರಂಭಕ್ಕೆ ಪಶ್ಚಿಮಕ್ಕೆ ಇನ್ನೊಂದು ಮುಷ್ಟಿಯಷ್ಟು ಹೋಗಿ ನಿಲ್ಲುತ್ತದೆ. ಒಟ್ಟು ಒಂದು ಗೇಣು. ಡಿಸೆಂಬರ್‌ನಲ್ಲೇ ಚುಕ್ಕಿ ಇಡಲು ಶುರುಮಾಡಿ, ಇಲ್ಲದಿದ್ದರೆ ಮುಂದೆ ಹೋಗುವ ಭಾಗ ತಪ್ಪುತ್ತದೆ.

ದಿಕ್ಕಿನಲ್ಲಿ ಒಂದು ಎಚ್ಚರ. ರಾತ್ರಿ ಪೂರ್ವಕ್ಕೆ ಮುಖ ಮಾಡಿ ನೋಡುವಾಗ ಆಕಾಶದಲ್ಲಿ ಪೂರ್ವ ಅಂದರೆ ಕೆಳಗೆ, ಪಶ್ಚಿಮ ಅಂದರೆ ಮೇಲೆ. ಎಡಬಲ ಹುಡುಕಬೇಡಿ. ನಡುರಾತ್ರಿ ಮಘಾ ನಮ್ಮ ಊರುಗಳಲ್ಲಿ ನೆತ್ತಿಗೇ ಬರುತ್ತದೆ, ಕತ್ತು ನೋಯುತ್ತದೆ, ಚಾಪೆ ಹಾಸಿಕೊಳ್ಳಿ.

ಗುರುವೂ ಆಗ ಅದೇ ಕಡೆ ಇರುತ್ತಾನೆ, ಮಂಗಳಕ್ಕಿಂತ ಜಾಸ್ತಿ ಬೆಳ್ಳಗೆ, ಜಾಸ್ತಿ ಪ್ರಕಾಶ. ತಪ್ಪು ತಿಳಿಯಬೇಡಿ, ಆದರೆ ಅವನಿಗೂ ಅದೇ ಹಾಳೆಯಲ್ಲಿ ಬೇರೆ ಬಣ್ಣದ ಪೆನ್ನಲ್ಲಿ ಚುಕ್ಕಿ ಇಡಿ. ಅವನೂ ಆ ಚಳಿಗಾಲ ಪೂರ್ತಿ ವಕ್ರ. ಮಂಗಳ ಮೂರು ತಿಂಗಳೊಳಗೆ ಎರಡು ಮುಷ್ಟಿ ಹಿಂದೆ ಬಂದರೆ, ಗುರು ನಾಲ್ಕು ತಿಂಗಳು ತೆಗೆದುಕೊಂಡು ಒಂದೇ ಮುಷ್ಟಿ ಬರುತ್ತಾನೆ. ದೂರದ ಲಾರಿ ಕಡಿಮೆ ಜಾರುತ್ತದೆ. ಎರಡು ಸಾಲು ಚುಕ್ಕಿ ನೋಡಿದರೆ ಯಾವ ಗ್ರಹ ಹತ್ತಿರ, ಯಾವುದು ದೂರ ಅಂತ ನಿಮ್ಮ ಹಾಳೆಯೇ ಹೇಳುತ್ತದೆ.

2027ರ ಫೆಬ್ರವರಿ 20 ಭಾರತ ಹುಣ್ಣಿಮೆ. ಮಾಘ ಮಾಸಕ್ಕೆ ಆ ಹೆಸರು ಬಂದಿದ್ದೇ ಹುಣ್ಣಿಮೆ ಚಂದ್ರ ಮಘಾ ಹತ್ತಿರ ಇರುವುದರಿಂದ. ಈ ಸಲ ಪಕ್ಕದಲ್ಲೇ ಮಂಗಳವೂ ಇರುತ್ತದೆ. ಚಂದ್ರನ ಬೆಳಕಿಗೆ ಮಘಾ ಮಂಕಾಗಬಹುದು, ಕೆಂಡದ ಚುಕ್ಕಿ ಮಾತ್ರ ಕಂಡೇ ಕಾಣುತ್ತದೆ. ಆ ರಾತ್ರಿ ಪಾಳಿ ನನಗೇ ಹಾಕಿ ಅಂತ ಜೊತೆಯ ಆಪರೇಟರ್‌ಗೆ ಹೇಳಿಟ್ಟಿದ್ದೇನೆ. ಅವನಿಗೆ ಯಾಕೆ ಅಂತ ಇನ್ನೂ ಅರ್ಥವಾಗಿಲ್ಲ.